ಮಹಾಗೋಡೆಯ ಪಾಠ: ಮಕ್ಕಳ ಮೂರು ಪ್ರಶ್ನೆಗಳಿಗೆ ಏನು ಹೇಳಲಿ?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿಗೆ ಪ್ರಾಚೀನ ಚೀನಾ ಹೇಳುವಾಗ ಮಹಾಗೋಡೆಯ ಫೋಟೋ ತೋರಿಸಿದೆ. ಚಕ್ರವರ್ತಿ ಚಿನ್ ಶಿ ಹುವಾಂಗ್ ಕಟ್ಟಿಸಿದ, ಚಂದ್ರನಿಂದಲೂ ಕಾಣುತ್ತದೆ ಎಂದೆ. ಒಬ್ಬ ಹುಡುಗ ಎದ್ದು, "ಮಿಸ್, ಅದು ಸುಳ್ಳಂತೆ, ಯೂಟ್ಯೂಬ್‌ನಲ್ಲಿ ನೋಡಿದೆ" ಎಂದ. ಒಬ್ಬ ಹುಡುಗಿ, "ಸತ್ತ ಕೂಲಿಯವರನ್ನು ಗೋಡೆಯೊಳಗೇ ಹೂಳ್ತಿದ್ದರಂತೆ, ನಿಜಾನಾ?" ಎಂದಳು. ಕೇಳಿದ ಕೆಲವು ಮಕ್ಕಳು ಹೆದರಿಕೊಂಡರು. ಇನ್ನೊಬ್ಬ, "ಅಷ್ಟು ದೊಡ್ಡ ಗೋಡೆ ಇದ್ದರೂ ಚೆಂಗಿಸ್ ಖಾನ್ ಹೇಗೆ ಒಳಗೆ ಬಂದ?" ಎಂದು ಕೇಳಿದ. ನನಗೆ ಮೂರಕ್ಕೂ ಖಚಿತ ಉತ್ತರ ಗೊತ್ತಿರಲಿಲ್ಲ. ಈಗ ಮಕ್ಕಳು ಥರ್ಮಾಕೋಲ್ ಮಾದರಿ ಮಾಡುತ್ತೇವೆ, ಯುದ್ಧದ ನಾಟಕ ಆಡುತ್ತೇವೆ ಎನ್ನುತ್ತಿದ್ದಾರೆ. ಈ ಮಧ್ಯೆ ಒಬ್ಬ ಪೋಷಕರು ಬಂದು, "ಗಡಿಯಲ್ಲಿ ನಮ್ಮ ಸೈನಿಕರ ಮೇಲೆ ಬೀಳುವ ದೇಶವನ್ನು ಇಷ್ಟು ಹೊಗಳೋದ್ಯಾಕೆ?" ಎಂದರು. ನನಗೆ ಸಿಗುವುದು ಮೂರು ಪೀರಿಯಡ್. ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ?

ಉತ್ತರ: ಮೇಡಂ, ಮೊದಲು ಒಂದು ಮಾತು. ಈ ಮೂರು ಪ್ರಶ್ನೆಗಳನ್ನು ಕೇಳಿದ ಮಕ್ಕಳು ಪಾಠವನ್ನು ನಿಜವಾಗಿಯೂ ಕೇಳಿಸಿಕೊಂಡಿದ್ದಾರೆ. ಶಿಕ್ಷಕರ ತರಬೇತಿಗಳಲ್ಲಿ ನಾನು ಹೇಳುವುದು ಇದನ್ನೇ: ಮಹಾಗೋಡೆಯನ್ನು ಉದ್ದ, ಎತ್ತರಗಳ ದಾಖಲೆಯಾಗಿ ಹೇಳಿದರೆ ಮಕ್ಕಳು ಒಂದು ನಿಮಿಷ ಬಾಯಿ ತೆರೆದು ನೋಡುತ್ತಾರೆ, ಆಮೇಲೆ ಮರೆಯುತ್ತಾರೆ. ಗೋಡೆ ಎಂದರೆ ಯಾರೋ ಒಂದು ಕಾಲದಲ್ಲಿ ತೆಗೆದುಕೊಂಡ ತೀರ್ಮಾನ. ಅದರ ಬದಲು ಬೇರೆ ದಾರಿಗಳೂ ಇದ್ದವು. ಅದಕ್ಕೆ ಬೆಲೆ ಕೊಟ್ಟವರು ಇದ್ದರು. ಹೀಗೆ ಹೇಳಿದರೆ ಮಕ್ಕಳು ತಾವಾಗಿಯೇ ವಾದಕ್ಕೆ ಇಳಿಯುತ್ತಾರೆ. ನಿಮ್ಮ ಮೂರು ಪೀರಿಯಡ್ ಅದಕ್ಕೆ ಸಾಕು.

ಚಂದ್ರನ ವಿಷಯ ಬೇಗ ಮುಗಿಸೋಣ. ಆ ಹುಡುಗ ಹೇಳಿದ್ದು ಸರಿ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಗೋಡೆ ಎಷ್ಟೇ ಉದ್ದವಿದ್ದರೂ ಅಗಲ ಐದಾರು ಮೀಟರ್. ಬಣ್ಣವೂ ಸುತ್ತಲಿನ ಮಣ್ಣು, ಬಂಡೆಯದ್ದೇ. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಮೊದಲ ಯಾತ್ರಿ ಯಾಂಗ್ ಲಿವೇ, ತನಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದರು. ಅವರು ಸುತ್ತಿದ್ದು ಚಂದ್ರನ ದೂರದಲ್ಲಲ್ಲ, ಭೂಮಿಗೆ ಹತ್ತಿರದ ಕಕ್ಷೆಯಲ್ಲಿ. ಮಕ್ಕಳಿಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಈ ಮಾತು ಹುಟ್ಟಿದ್ದು ಬಹಳ ಹಿಂದೆ. 1754ರಲ್ಲೇ ವಿಲಿಯಂ ಸ್ಟ್ಯೂಕ್ಲಿ ಎಂಬ ಇಂಗ್ಲಿಷ್ ವಿದ್ವಾಂಸ ಒಂದು ಪತ್ರದಲ್ಲಿ ಚಂದ್ರನಿಂದ ಗೋಡೆ ಕಾಣಬಹುದು ಎಂದು ಬರೆದಿದ್ದ. 1932ರ ಹೊತ್ತಿಗೆ ಅಮೆರಿಕದ ಜನಪ್ರಿಯ ಪತ್ರಿಕಾ ಅಂಕಣವೊಂದು ಅದನ್ನು ಮನೆಮನೆಗೆ ಮುಟ್ಟಿಸಿತು. ಮನುಷ್ಯ ಬಾಹ್ಯಾಕಾಶಕ್ಕೆ ಹೋದದ್ದು 1961ರಲ್ಲಿ. ಈ ಮೂರೂ ವರ್ಷಗಳನ್ನು ಬೋರ್ಡಿನ ಮೇಲೆ ಬರೆದು, "ಹಾಗಾದರೆ ನೋಡಿ ಬಂದವರು ಯಾರು?" ಎಂದು ಕೇಳಿ. ಒಂದು ಮಾತನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಸುಲಭದ ಉದಾಹರಣೆ ಸಿಗುವುದು ಕಷ್ಟ. ಪ್ರಶ್ನೆ ಎತ್ತಿದ ಹುಡುಗನಿಗೆ ತರಗತಿಯ ಮುಂದೆ ಒಂದು ಶಹಬ್ಬಾಸ್ ಕೊಡಿ.

ಎರಡನೆಯ ಪ್ರಶ್ನೆಯನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ. ಇಡೀ ಪಾಠದ ತಿರುಳು ಅಲ್ಲಿದೆ.

ಗೋಡೆಯ ಒಡಲೊಳಗೆ ಹೂತ ಶವಗಳು ಪುರಾತತ್ವ ತಜ್ಞರಿಗೆ ಸಿಕ್ಕಿಲ್ಲ. ಕಟ್ಟುವವರ ಕಡೆಯಿಂದ ಯೋಚಿಸಿದರೂ ಅದು ಹೊಂದುವುದಿಲ್ಲ. ದೇಹ ಕೊಳೆತರೆ ಅಲ್ಲಿ ಟೊಳ್ಳಾಗುತ್ತದೆ, ಗೋಡೆ ಕುಸಿಯುತ್ತದೆ. ಇಷ್ಟು ಹೇಳಿದರೆ ಮಕ್ಕಳ ಹೆದರಿಕೆ ಹೋಗುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಆ ಹುಡುಗಿಗೆ ಅರ್ಧ ಉತ್ತರ ಕೊಟ್ಟ ಹಾಗೆ. ಅವಳು ನಿಜವಾಗಿ ಕೇಳಿದ್ದು, "ಕಟ್ಟಿದವರ ಗತಿ ಏನಾಯಿತು?" ಎಂದು. ಅದಕ್ಕೆ ಉತ್ತರ ಇದೆ.

ಕ್ರಿ.ಪೂ. 221ರಲ್ಲಿ ಚಿನ್ ಶಿ ಹುವಾಂಗ್ ಉಳಿದ ರಾಜ್ಯಗಳನ್ನೆಲ್ಲ ಗೆದ್ದು ಚಕ್ರವರ್ತಿಯಾದ. ಕ್ರಿ.ಪೂ. 215ರ ಹೊತ್ತಿಗೆ ಮೆಂಗ್ ಟಿಯಾನ್ ಎಂಬ ಸೇನಾಪತಿಯನ್ನು 3 ಲಕ್ಷ ಸೈನಿಕರ ಜೊತೆ ಉತ್ತರಕ್ಕೆ ಕಳಿಸಿದ. ಹುಲ್ಲುಗಾವಲಿನ ಶಿಯೊಂಗ್ನು ಜನರನ್ನು ಹಿಂದಕ್ಕೆ ಅಟ್ಟಿ ಗೋಡೆ ಕಟ್ಟುವುದು ಅವನಿಗೆ ಒಪ್ಪಿಸಿದ ಕೆಲಸ. ಕ್ರಿ.ಪೂ. 210ರಲ್ಲಿ ಚಕ್ರವರ್ತಿ ಸತ್ತ. ಅರಮನೆಯ ಒಳಸಂಚಿನಲ್ಲಿ ಮೆಂಗ್ ಟಿಯಾನ್‌ಗೆ ಸಾಯುವಂತೆ ಆಜ್ಞೆ ಬಂತು. ಮುಂದೆ ನಡೆದದ್ದನ್ನು ಸುಮಾರು ನೂರು ವರ್ಷಗಳ ನಂತರ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಸಾಯುವ ಮುನ್ನ ಮೆಂಗ್ ಟಿಯಾನ್, ತಾನು ಮಾಡಿದ ತಪ್ಪೇನು ಎಂದು ಕೇಳಿಕೊಂಡನಂತೆ. ಸಾವಿರಾರು ಮೈಲಿ ಗೋಡೆ, ಕಂದಕ ಮಾಡಿಸುವಾಗ ಎಲ್ಲೋ ಭೂಮಿಯ ನಾಡಿಗಳನ್ನು ಕತ್ತರಿಸಿರಬೇಕು, ಅದೇ ನನ್ನ ಅಪರಾಧ ಎಂದನಂತೆ.

ಇದನ್ನು ಬರೆದ ಸಿಮಾ ಚಿಯಾನ್ ತಾನೇ ಒಪ್ಪುವುದಿಲ್ಲ. ಅವನು ಉತ್ತರದ ಗಡಿಗೆ ಹೋಗಿ ಆ ಕೋಟೆ, ಗೋಡೆಗಳನ್ನು ಕಣ್ಣಾರೆ ಕಂಡಿದ್ದ. ಇವರು ಜನರ ದುಡಿಮೆಗೆ ಬೆಲೆಯನ್ನೇ ಕೊಡಲಿಲ್ಲ ಎಂದು ಬರೆದ. ಯುದ್ಧ ಆಗತಾನೇ ಮುಗಿದಿತ್ತು. ಗಾಯಗಳು ಇನ್ನೂ ಮಾಗಿರಲಿಲ್ಲ. ಮುದುಕರನ್ನು, ಅನಾಥರನ್ನು ನೋಡಿಕೊಳ್ಳಿ ಎಂದು ದೊರೆಗೆ ಬುದ್ಧಿ ಹೇಳುವುದು ಬಿಟ್ಟು, ದೊಡ್ಡ ಸೇನಾಪತಿ ದೊರೆಯ ಮನಸ್ಸಿಗೆ ಒಪ್ಪುವಂತೆ ಗೋಡೆ ಕಟ್ಟಿಸಿದ. ಇದರಲ್ಲಿ ಭೂಮಿಯ ನಾಡಿಯ ಮಾತೆಲ್ಲಿ ಬಂತು? ಅವನ ತಕರಾರಿನ ಸಾರ ಇದು.

ಎರಡು ಸಾವಿರ ವರ್ಷಗಳ ಹಿಂದೆ ಚೀನಾದವನೇ ಒಬ್ಬ ಈ ಪ್ರಶ್ನೆ ಕೇಳಿದ್ದಾನೆ ಎನ್ನುವುದು ಮಕ್ಕಳಿಗೆ ಗೊತ್ತಾಗಬೇಕು. ಇದನ್ನು ನಿಮ್ಮ ಮಾತಿನಲ್ಲಿ ಹತ್ತು ಸಾಲು ಮಾಡಿ ಓದಿಸಿ. ಮೆಂಗ್ ಟಿಯಾನ್ ಹೇಳಿದ್ದು ಒಂದು ಕಡೆ, ಸಿಮಾ ಚಿಯಾನ್ ಹೇಳಿದ್ದು ಇನ್ನೊಂದು ಕಡೆ. ನೀವು ಯಾರ ಜೊತೆ ನಿಲ್ಲುತ್ತೀರಿ ಎಂದು ಕೇಳಿ. ಸತ್ತವರು ಇಷ್ಟು ಲಕ್ಷ ಎಂದು ಇಂಟರ್ನೆಟ್‌ನಲ್ಲಿ ತರತರದ ಅಂಕಿಗಳು ಸಿಗುತ್ತವೆ. ಅವನ್ನು ಬೋರ್ಡಿನ ಮೇಲೆ ಬರೆಯಬೇಡಿ. ಆ ಕಾಲದ ಅಂಥ ನಂಬಬಹುದಾದ ಲೆಕ್ಕ ಯಾವುದೂ ನಮಗೆ ಉಳಿದಿಲ್ಲ.

ಶವದ ಕತೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ಮೆಂಗ್ ಜಿಯಾಂಗ್ ಎಂಬ ಹೆಣ್ಣಿನ ಜನಪದ ಕತೆ ಹೇಳಿ. ಗಂಡನನ್ನು ಗೋಡೆ ಕೆಲಸಕ್ಕೆ ಎಳೆದುಕೊಂಡು ಹೋದರು. ಚಳಿಗಾಲದ ಬಟ್ಟೆ ಹೊತ್ತು ಅವಳು ಹುಡುಕಿಕೊಂಡು ಹೋದಳು. ಅವನು ಸತ್ತ ಸುದ್ದಿ ಕೇಳಿ ಅತ್ತಾಗ ಗೋಡೆಯೇ ಕುಸಿದು ಮೂಳೆಗಳು ಹೊರಬಂದವು. ಮನಸ್ಸು ಕಲಕುವ ಕತೆ. ಆದರೆ ಇದರ ಬೇರು ಚಿನ್ ಕಾಲಕ್ಕಿಂತ ಹಳೆಯದು. ಕ್ರಿ.ಪೂ. 550ರಲ್ಲಿ ಚಿ ರಾಜ್ಯದ ಒಬ್ಬ ಯೋಧ ಯುದ್ಧದಲ್ಲಿ ಸತ್ತ. ದಾರಿಯಲ್ಲಿ ಸಿಕ್ಕ ದೊರೆ ಅಲ್ಲೇ ಸಂತಾಪ ಹೇಳಲು ಬಂದಾಗ, ಯೋಧನ ಹೆಂಡತಿ ದಾರಿಬದಿಯ ಸಂತಾಪ ಬೇಡ, ಮನೆಗೆ ಬಂದು ಹೇಳಿ ಎಂದಳು. ಹಳೆಯ ದಾಖಲೆಯಲ್ಲಿ ಇರುವುದು ಇಷ್ಟೇ. ಅಳು ಆಮೇಲೆ ಸೇರಿತು. ಕುಸಿಯುವ ಗೋಡೆ ಇನ್ನೂ ಆಮೇಲೆ. ಚಿನ್ ದೊರೆಯ ಮಹಾಗೋಡೆ ಬಂದದ್ದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಟಾಂಗ್ ಕಾಲದಲ್ಲಿ. ಗು ಜಿಯೆಗಾಂಗ್ ಎಂಬ ವಿದ್ವಾಂಸರು 1924ರಲ್ಲಿ ಇದನ್ನು ಪದರ ಪದರವಾಗಿ ಬಿಡಿಸಿ ತೋರಿಸಿದರು. ಕತೆ ಘಟನೆಯಾಗಿ ನಿಜವಲ್ಲ. ಜನ ಗೋಡೆಯನ್ನು ಹೇಗೆ ನೆನಪಿಟ್ಟುಕೊಂಡರು ಎಂಬುದಕ್ಕೆ ಮಾತ್ರ ಒಳ್ಳೆಯ ಸಾಕ್ಷಿ. ಮಕ್ಕಳಿಗೆ ಈ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ.

ಈಗ ಚೆಂಗಿಸ್ ಖಾನ್. ಈ ಪ್ರಶ್ನೆಗೆ ಉತ್ತರ ನೀವು ತೋರಿಸಿದ ಫೋಟೋದಲ್ಲೇ ಇದೆ. ಬೆಟ್ಟದ ಬೆನ್ನಿನ ಮೇಲೆ ಇಟ್ಟಿಗೆ, ಕಲ್ಲಿನ ಗೋಡೆ, ನಡುನಡುವೆ ಚೌಕ ಬುರುಜುಗಳು. ಅಲ್ವಾ? ಸಾಮಾನ್ಯವಾಗಿ ಅದು ಬೀಜಿಂಗ್ ಹತ್ತಿರದ ಬದಾಲಿಂಗ್ ಅಥವಾ ಮುಟಿಯಾನ್ಯು. ಅದು ಮಿಂಗ್ ವಂಶದ ಕೆಲಸ, ಬಹುಪಾಲು 16ನೇ ಶತಮಾನದ್ದು. ಚೆಂಗಿಸ್ ಖಾನ್ ಉತ್ತರ ಚೀನಾಕ್ಕೆ ನುಗ್ಗಿದ್ದು 1211ರಲ್ಲಿ. ಈಗಿನ ಬೀಜಿಂಗ್ ಇರುವ ಜಾಗದ ರಾಜಧಾನಿ ಅವನ ಕೈಗೆ ಬಿದ್ದದ್ದು 1215ರಲ್ಲಿ. ಫೋಟೋದ ಗೋಡೆ ಆಗ ಇರಲೇ ಇಲ್ಲ. ಆಗ ಅಲ್ಲಿ ಆಳುತ್ತಿದ್ದುದು ಜಿನ್ ವಂಶ (ಹಿಂದಿನ ಚಿನ್ ಬೇರೆ, ಇದು ಬೇರೆ). ಅವರೂ ಮಂಗೋಲರಿಗೆ ಹೆದರಿ ಉದ್ದಕ್ಕೆ ಮಣ್ಣಿನ ದಿಬ್ಬ, ಕಂದಕ ಮಾಡಿಸಿದ್ದರು. ಅವು ಅವನನ್ನು ತಡೆಯಲಿಲ್ಲ. ಇನ್ನೊಂದು ವಿಷಯ: ಜಿನ್ ದೊರೆಗಳು ಮೂಲದಲ್ಲಿ ಉತ್ತರದಿಂದ ಬಂದ ಜುರ್ಚೆನ್ ಜನ. ಅಂದರೆ ಒಂದು ಕಾಲದಲ್ಲಿ ಹೊರಗಿನಿಂದ ಬಂದವರೇ ಆಮೇಲೆ ಗೋಡೆ ಕಟ್ಟಿಸಿದರು.

ಇಲ್ಲಿಂದ ಮುಖ್ಯ ಸಂಗತಿಗೆ ಬರೋಣ. ಮಹಾಗೋಡೆ ಒಂದೇ ಗೋಡೆಯಲ್ಲ, ಒಬ್ಬ ಕಟ್ಟಿಸಿದ್ದೂ ಅಲ್ಲ. ಚಿನ್ ಶಿ ಹುವಾಂಗ್ ಹುಟ್ಟುವ ಮೊದಲೇ ಚೀನಾದ ರಾಜ್ಯಗಳು ಒಂದರ ವಿರುದ್ಧ ಒಂದು ಗೋಡೆ ಕಟ್ಟಿಕೊಂಡಿದ್ದವು. ಈಗಿನ ಶಾಂಡೋಂಗ್‌ನಲ್ಲಿ ಚಿ ರಾಜ್ಯದ ಗೋಡೆ ಇನ್ನೂ ಇದೆ. ಅವನು ಉತ್ತರದ ಹಳೆಯ ಗೋಡೆಗಳನ್ನು ಸೇರಿಸಿ ಮುಂದುವರಿಸಿದ. ಹಾನ್ ವಂಶ ಅದನ್ನು ಪಶ್ಚಿಮದ ಮರುಭೂಮಿಯವರೆಗೆ ಒಯ್ದಿತು. ಟಾಂಗ್ ವಂಶ ಗೋಡೆಯ ಗೊಡವೆಗೇ ಹೆಚ್ಚು ಹೋಗಲಿಲ್ಲ. ಮಿಂಗ್ ವಂಶ ಮತ್ತೆ ಶುರು ಮಾಡಿತು. ಎಲ್ಲ ಕಾಲದ್ದೂ ಸೇರಿಸಿ ಚೀನಾ ಸರ್ಕಾರ 2012ರಲ್ಲಿ ಕೊಟ್ಟ ಉದ್ದ 21,196 ಕಿಲೋಮೀಟರ್. 2009ರಲ್ಲಿ ಮಿಂಗ್ ಕಾಲದ್ದು ಮಾತ್ರ ಎಂದು ಕೊಟ್ಟದ್ದು 8,851.8 ಕಿಲೋಮೀಟರ್. ಎರಡು ಪುಸ್ತಕದಲ್ಲಿ ಎರಡು ಅಂಕಿ ಇದ್ದರೆ ಗಾಬರಿಯಾಗಬೇಡಿ, ಎರಡೂ ಸರಿ. ಆ 8,851.8ರಲ್ಲಿ ಮನುಷ್ಯರು ಕಟ್ಟಿದ ಗೋಡೆ 6,259.6. ಕಂದಕ 359.7. ಉಳಿದ 2,232.5 ಬೆಟ್ಟ, ನದಿಯಂಥ ಸಹಜ ತಡೆಗಳು. ಮಕ್ಕಳಿಂದ ಕೂಡಿಸಿ ನೋಡಿಸಿ. ಬೆಟ್ಟ ಕಡಿದಾಗಿದ್ದ ಕಡೆ ಗೋಡೆ ಯಾಕೆ ಬೇಕಿರಲಿಲ್ಲ ಎಂಬುದನ್ನು ಅವರೇ ಹೇಳುತ್ತಾರೆ.

ನಿಮ್ಮ ಮಕ್ಕಳು ದುರ್ಗದ ಕೋಟೆ ಹತ್ತಿದವರು. ಅದು ನಿಮಗೆ ದೊಡ್ಡ ಅನುಕೂಲ. ಏಳು ಸುತ್ತಿನ ಕೋಟೆ ಒಂದು ಊರನ್ನು ಸುತ್ತಿ ಕಾಯುತ್ತದೆ. ಬಾಗಿಲಿಗೆ ನೇರವಾಗಿ ನುಗ್ಗಲು ಆಗದ ಹಾಗೆ ದಾರಿ ತಿರುಗಿಸಿದ್ದಾರೆ. ಚೀನಾದ ಊರಕೋಟೆಗಳೂ ಇದೇ ಜಾತಿಯವು. ಷಿಯಾನ್ ನಗರದ ಸುತ್ತ ಮಿಂಗ್ ಕಾಲದ ಕೋಟೆಗೋಡೆ ಇಂದಿಗೂ ಸುಮಾರು 13.7 ಕಿಲೋಮೀಟರ್ ಪೂರ್ತಿಯಾಗಿ ಇದೆ. ಎತ್ತರ 12 ಮೀಟರ್. ನಾನ್‌ಜಿಂಗ್‌ನ ಝೋಂಗ್‌ಹುವಾ ಬಾಗಿಲಲ್ಲಿ ಒಂದರ ಹಿಂದೆ ಒಂದು ಮೂರು ಅಂಗಳಗಳಿವೆ. ಮೊದಲ ಬಾಗಿಲು ಒಡೆದು ಒಳಗೆ ಬಂದವರು ಆ ಅಂಗಳದಲ್ಲಿ ಸಿಕ್ಕಿಬೀಳುತ್ತಾರೆ, ಮೇಲಿನಿಂದ ಬಾಣದ ಮಳೆ. ಆದರೆ ಮಹಾಗೋಡೆ ಯಾವ ಊರನ್ನೂ ಸುತ್ತುವುದಿಲ್ಲ. ಅದು ಒಂದು ಗೆರೆ. ಒಂದು ಊರನ್ನು ಕಾಯುವುದು ಬೇರೆ, ಸಾವಿರಾರು ಕಿಲೋಮೀಟರ್ ಗೆರೆ ಕಾಯುವುದು ಬೇರೆ. ಪ್ರತಿ ಅಡಿಗೂ ಒಬ್ಬ ಸೈನಿಕನನ್ನು ನಿಲ್ಲಿಸಲು ಯಾವ ದೊರೆಗೂ ಆಗುವುದಿಲ್ಲ.

ಹಾಗಾದರೆ ಗೆರೆ ಏನು ಮಾಡುತ್ತಿತ್ತು? ದೊಡ್ಡ ಸೈನ್ಯವನ್ನು ನಿಲ್ಲಿಸುವುದು ಅದರ ನಿತ್ಯದ ಕೆಲಸವಲ್ಲ. ಕುದುರೆ ಮೇಲೆ ಬಂದು ದನಕರು, ಧಾನ್ಯ ದೋಚಿಕೊಂಡು ಹೋಗುವ ಸಣ್ಣ ಗುಂಪುಗಳಿಗೆ ಅಡ್ಡಿ ಮಾಡುತ್ತಿತ್ತು. ಮನುಷ್ಯ ಗೋಡೆ ಹತ್ತಬಹುದು, ಕುದುರೆ ಹತ್ತುವುದಿಲ್ಲ. ಎರಡನೆಯ ಕೆಲಸ ಬುರುಜಿನಿಂದ ಬುರುಜಿಗೆ ಸುದ್ದಿ ಮುಟ್ಟಿಸುವುದು. 1466ರ ಮಿಂಗ್ ನಿಯಮ ಹೀಗಿದೆ: ಶತ್ರು ಒಬ್ಬಿಬ್ಬರಿಂದ ನೂರು ಚಿಲ್ಲರೆ ಜನ ಇದ್ದರೆ ಒಂದು ಹೊಗೆ, ಒಂದು ತೋಪಿನ ಸದ್ದು. 500 ಇದ್ದರೆ ಎರಡೆರಡು. ಸಾವಿರ ದಾಟಿದರೆ ಮೂರು. 5 ಸಾವಿರ ದಾಟಿದರೆ ನಾಲ್ಕು. 10 ಸಾವಿರ ದಾಟಿದರೆ ಐದು. ಶಾಲೆಯ ಮೈದಾನದಲ್ಲಿ ಐದು ಗುಂಪು ಮಾಡಿ, ಬಣ್ಣದ ಬಟ್ಟೆ ಮತ್ತು ತಟ್ಟೆಯ ಸದ್ದಿನಿಂದ ಇದನ್ನು ಆಡಿಸಬಹುದು. ಬೆಂಕಿ, ಪಟಾಕಿ ಖಂಡಿತ ಬೇಡ. ಮಧ್ಯದ ಒಂದು ಗುಂಪಿಗೆ ಗುಟ್ಟಾಗಿ, "ನೀವು ನಿದ್ದೆ ಹೋಗಿದ್ದೀರಿ" ಎಂದು ಹೇಳಿಬಿಡಿ. ಸುದ್ದಿ ಅಲ್ಲೇ ನಿಲ್ಲುತ್ತದೆ. ಗೋಡೆ ಕಾಯುವುದು ಕಲ್ಲಲ್ಲ, ಜನ ಎಂದು ಆಮೇಲೆ ನೀವು ವಿವರಿಸಬೇಕಾಗಿಲ್ಲ.

ಆ ಜನರ ಬದುಕು ನಮಗೆ ಸಿಕ್ಕಿರುವುದು ಮರದ ಪಟ್ಟಿಗಳಲ್ಲಿ. ಹಾನ್ ಕಾಲದಲ್ಲಿ ಕಾಗದ ಬಳಕೆಗೆ ಬರುವ ಮುನ್ನ ತೆಳ್ಳನೆಯ ಮರದ ಪಟ್ಟಿಯ ಮೇಲೆ ಬರೆಯುತ್ತಿದ್ದರು. ಮರುಭೂಮಿಯ ಒಣ ಹವೆಯಲ್ಲಿ ಅವು ಉಳಿದವು. ಪಶ್ಚಿಮದ ಡುನ್‌ಹುವಾಂಗ್ ಹತ್ತಿರ ಪುರಾತತ್ವ ಅನ್ವೇಷಕ ಆರೆಲ್ ಸ್ಟೈನ್‌ಗೆ 1907ರಲ್ಲಿ ಕೆಲವು ಸಿಕ್ಕವು. ಜುಯಾನ್ ಎಂಬಲ್ಲಿ 1930ರಲ್ಲಿ ಸುಮಾರು 10 ಸಾವಿರ ಪಟ್ಟಿಗಳು, 1970ರ ದಶಕದಲ್ಲಿ ಇನ್ನೂ ಸುಮಾರು 20 ಸಾವಿರ ಸಿಕ್ಕವು. ಅವುಗಳಲ್ಲಿ ಇರುವುದು ವೀರಗಾಥೆಯಲ್ಲ. ಯಾರಿಗೆ ಈ ತಿಂಗಳು ಎಷ್ಟು ಧಾನ್ಯ, ಬುರುಜಿನಲ್ಲಿ ಎಷ್ಟು ಬಾಣ, ಏನೇನು ಮುರಿದಿದೆ, ಸುದ್ದಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಮುಂದೆ ಹೋಯಿತು. ಗೋಡೆಯ ಪಕ್ಕದಲ್ಲಿ ಮರಳಿನ ಒಂದು ಪಟ್ಟಿಯನ್ನು ಹರವಿ ನಯ ಮಾಡಿಡುತ್ತಿದ್ದರು. ಗಸ್ತಿನವರು ಬಂದು ಅದರ ಮೇಲೆ ಹೆಜ್ಜೆ ಗುರುತು ಇದೆಯೇ ಎಂದು ನೋಡಬೇಕು. ಬಂದದ್ದು ಯಾರು, ಯಾವ ಕಡೆಗೆ ಹೋದರು ಎಂದು ಬರೆದಿಡಬೇಕು. ಎಂಟನೇ ತರಗತಿಯ ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ.

"ಯಾವ ಕಡೆಗೆ" ಎನ್ನುವ ಮಾತನ್ನು ಬಿಡಬೇಡಿ. ಕ್ರಿ.ಪೂ. 33ರಲ್ಲಿ ಶಿಯೊಂಗ್ನು ನಾಯಕ ಹುಹಾನ್ಯೆ ಹಾನ್ ದೊರೆಗೆ, ಗಡಿಯನ್ನು ನಾವೇ ಕಾಯುತ್ತೇವೆ, ನಿಮ್ಮ ಕಾವಲು ತೆಗೆಯಿರಿ ಎಂದ. ಆಗ ಹೌ ಯಿಂಗ್ ಎಂಬ ಅಧಿಕಾರಿ, ಬೇಡ ಎನ್ನಲು ಹತ್ತು ಕಾರಣ ಕೊಟ್ಟ. ಅದರಲ್ಲಿ ಕೆಲವು ಹಾನ್ ಕಡೆಯ ಜನರ ಬಗ್ಗೆಯೇ ಇವೆ. ಗಡಿಯ ಜನರ ಆಳುಗಳು ಕಷ್ಟ ತಾಳದೆ ಆ ಕಡೆ ಓಡಿಹೋಗುತ್ತಾರೆ. ಕಳ್ಳರು ಓಡಿಹೋಗುತ್ತಾರೆ. ಹಿಂದೆ ಸೆರೆಯಾಗಿ ಅಲ್ಲೇ ಉಳಿದ ಸೈನಿಕರ ಮಕ್ಕಳು ಅವರನ್ನು ಹುಡುಕಿಕೊಂಡು ಹೋಗುತ್ತಾರೆ. ಗೋಡೆ ಹೊರಗಿನವರನ್ನು ಮಾತ್ರ ತಡೆಯುತ್ತಿತ್ತು ಎಂಬ ನಂಬಿಕೆ ಇಲ್ಲಿ ಒಡೆಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮಕ್ಕಳನ್ನು ಅತಿ ಹೆಚ್ಚು ಯೋಚನೆಗೆ ಹಚ್ಚುವ ಸಂಗತಿ ಇದು.

ಈಗ ನಿಮ್ಮ ಚಟುವಟಿಕೆಗಳು.

ಥರ್ಮಾಕೋಲ್ ಮಾದರಿ ಮಾಡಿಸಬಹುದು. ಅದರ ತೊಂದರೆ ಏನೆಂದರೆ, ಮಕ್ಕಳು ಮಿಂಗ್ ಕಾಲದ ಬುರುಜು ಮಾಡಿ, ಕೆಳಗೆ ಚಿನ್ ಶಿ ಹುವಾಂಗ್ ಹೆಸರು ಬರೆಯುತ್ತಾರೆ. ಎರಡಕ್ಕೂ 1,700 ವರ್ಷಕ್ಕಿಂತ ಜಾಸ್ತಿ ಅಂತರ. ಜೊತೆಗೆ ಮಾಡುವುದು ಮನೆಯವರು, ಅಂಕ ಮಕ್ಕಳಿಗೆ. ನಾನಾದರೆ ಮಣ್ಣಿನ ಗೋಡೆ ಕಟ್ಟಿಸುತ್ತೇನೆ. ಹಳೆಯ ಗೋಡೆಗಳ ಬಹುಭಾಗ ಮಣ್ಣಿನದೇ. ಎರಡು ಹಲಗೆ ನಿಲ್ಲಿಸಿ, ನಡುವೆ ಸ್ವಲ್ಪ ತೇವದ ಮಣ್ಣು ಸುರಿದು, ದಿಮ್ಮಸಿನಿಂದ ಗುದ್ದಿ ಗಟ್ಟಿ ಮಾಡುತ್ತಿದ್ದರು. ಒಂದೊಂದು ಪದರ ಒಂದು ಗೇಣಿಗಿಂತ ಕಡಿಮೆ. ಮೇಲೆ ಮತ್ತೆ ಮಣ್ಣು, ಮತ್ತೆ ಗುದ್ದು. ಝೆಂಗ್‌ಝೌ ನಗರದಲ್ಲಿ ಶಾಂಗ್ ವಂಶದ ಕಾಲದ ಊರಕೋಟೆ ಹೀಗೆ ಕಟ್ಟಿದ್ದು. 3,500 ವರ್ಷ ಕಳೆದರೂ ಅದರ ಭಾಗಗಳು ನಿಂತಿವೆ. ಡುನ್‌ಹುವಾಂಗ್ ಕಡೆ ಒಳ್ಳೆಯ ಮಣ್ಣಿರಲಿಲ್ಲ. ಅಲ್ಲಿ ಒಂದು ಪದರ ಜೊಂಡು ಹುಲ್ಲು, ಒಂದು ಪದರ ಗರಸು ಹಾಕಿ ಕಟ್ಟಿದರು. ಇಟ್ಟಿಗೆ ಗೋಡೆ ಕಟ್ಟಿದ ಮಿಂಗ್ ಕಾಲದವರು ಸುಣ್ಣದ ಗಾರೆಗೆ ಅಂಟು ಅಕ್ಕಿಯ ಗಂಜಿ ಬೆರೆಸುತ್ತಿದ್ದರು. ಸುಮ್ನೆ ಹೇಳುವ ಮಾತಲ್ಲ ಇದು, ರಸಾಯನ ಪರೀಕ್ಷೆಯಲ್ಲಿ ಹಳೆಯ ಗಾರೆಯೊಳಗೆ ಅಕ್ಕಿಯ ಪಿಷ್ಟ ಸಿಕ್ಕಿದೆ. ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಕಟ್ಟಿದರು ಎನ್ನುವುದು ಮಕ್ಕಳ ಕೈಗೇ ತಿಳಿಯಲಿ. ಎರಡು ಸಣ್ಣ ಗೋಡೆ ಮಾಡಿಸಿ, ಒಂದು ಗುದ್ದಿದ್ದು, ಒಂದು ಸುಮ್ಮನೆ ಸುರಿದದ್ದು. ಒಣಗಿದ ಮೇಲೆ ಚೊಂಬಿನಿಂದ ನೀರು ಹಾಕಿ. ಇದರ ಅನನುಕೂಲವೂ ಹೇಳಿಬಿಡುತ್ತೇನೆ: ಸಮವಸ್ತ್ರ ಕೊಳೆಯಾಗುತ್ತದೆ, ಒಣಗಲು ದಿನಗಳು ಬೇಕು, ಪ್ರದರ್ಶನದಲ್ಲಿ ಚೆಂದ ಕಾಣುವುದಿಲ್ಲ. ಮುಖ್ಯ ಶಿಕ್ಷಕರಿಗೆ ಮೊದಲೇ ಹೇಳಿ.

ಯುದ್ಧದ ನಾಟಕ ಬೇಡ ಎನ್ನುತ್ತೇನೆ. ಒಳಗಿನವರು ಒಳ್ಳೆಯವರು, ಹೊರಗಿನವರು ಕಾಡುಜನ ಎಂದು ಅದು ಹತ್ತೇ ನಿಮಿಷದಲ್ಲಿ ತಿರುಗಿಕೊಳ್ಳುತ್ತದೆ. ಕಣ್ಣು ಎಳೆದುಕೊಂಡು ಮುಖ ಮಾಡುವುದು, ವಿಚಿತ್ರ ದನಿಯಲ್ಲಿ ಮಾತಾಡುವುದು ಶುರುವಾಗುತ್ತದೆ. ಅದನ್ನು ಆಮೇಲೆ ಸರಿ ಮಾಡುವುದು ಕಷ್ಟ. ನಮ್ಮ ದೇಶದ ಈಶಾನ್ಯ ರಾಜ್ಯಗಳ ಮಕ್ಕಳು ಬೆಂಗಳೂರಿನಲ್ಲಿ ಇಂಥ ಗೇಲಿಯನ್ನು ಅನುಭವಿಸುತ್ತಾರೆ. ಶಿಯೊಂಗ್ನುಗಳಿಗೆ ಅವರದೇ ರಾಜ್ಯ, ನಾಯಕರು, ಕಾನೂನು ಇದ್ದವು. ಕ್ರಿ.ಪೂ. 200ರಲ್ಲಿ ಅವರು ಹಾನ್ ವಂಶದ ಮೊದಲ ಚಕ್ರವರ್ತಿಯನ್ನೇ ಬೈಡೆಂಗ್ ಎಂಬಲ್ಲಿ ಸುತ್ತುವರಿದು ಕೂರಿಸಿದ್ದರು. ಮಂಗೋಲಿಯದ ನೋಯಿನ್ ಉಲದಲ್ಲಿರುವ ಅವರ ನಾಯಕರ ಸಮಾಧಿಗಳಲ್ಲಿ ಚೀನಾದ ರೇಷ್ಮೆ ಸಿಕ್ಕಿದೆ.

ನಾಟಕದ ಬದಲು ಚರ್ಚೆ ಇಡಿ. ಅದಕ್ಕೆ ಇತಿಹಾಸವೇ ಒಂದು ಚರ್ಚೆ ಕೊಟ್ಟಿದೆ. ಬೈಡೆಂಗ್‌ನ ಸೋಲಿನ ನಂತರ ಹಾನ್ ದೊರೆಗಳು ಬಹಳ ಕಾಲ ರಾಜಕುಮಾರಿಯರನ್ನು ಮದುವೆ ಮಾಡಿಕೊಟ್ಟು, ರೇಷ್ಮೆ, ಧಾನ್ಯ ಕಳಿಸಿ ಶಾಂತಿ ಕೊಂಡರು. ಕ್ರಿ.ಪೂ. 133ರಿಂದ ವೂ ಚಕ್ರವರ್ತಿ ಯುದ್ಧಕ್ಕೆ ಇಳಿದ, ಗಡಿ ಬೆಳೆಸಿದ, ಗೋಡೆ ಮುಂದುವರಿಸಿದ. ಖರ್ಚು ತುಂಬಲು ಉಪ್ಪು, ಕಬ್ಬಿಣ ಎರಡನ್ನೂ ಸರ್ಕಾರದ ಕೈಗೆ ತೆಗೆದುಕೊಂಡ. ಕ್ರಿ.ಪೂ. 81ರಲ್ಲಿ, ಅವನು ಸತ್ತ ಮೇಲೆ, ಅರಮನೆಯಲ್ಲೇ ಇದರ ಬಗ್ಗೆ ದೊಡ್ಡ ವಾದ ನಡೆಯಿತು. ಮಂತ್ರಿ ಸಾಂಗ್ ಹೊಂಗ್‌ಯಾಂಗ್ ಮತ್ತು ಅಧಿಕಾರಿಗಳು ಒಂದು ಕಡೆ: ಉಪ್ಪಿನ ಆದಾಯ ಬಿಟ್ಟರೆ ಗಡಿಯ ಸೈನಿಕರಿಗೆ ಊಟ ಎಲ್ಲಿಂದ? ಬೇರೆ ಬೇರೆ ಊರುಗಳಿಂದ ಕರೆಸಿದ ವಿದ್ವಾಂಸರು ಇನ್ನೊಂದು ಕಡೆ: ಸರ್ಕಾರ ಜನರ ಜೊತೆ ಲಾಭಕ್ಕೆ ಪೈಪೋಟಿ ಮಾಡಬಾರದು. ಸರ್ಕಾರಿ ಕಬ್ಬಿಣದ ಸಾಮಾನು ಕಳಪೆ, ರೈತನಿಗೆ ಕಷ್ಟ. ದೂರದ ಗಡಿಗೆ ಹೋದ ಮಗನಿಗಾಗಿ ಮನೆಯಲ್ಲಿ ತಾಯಿ ಅಳುತ್ತಿದ್ದಾಳೆ.

ತರಗತಿಯನ್ನು ಎರಡು ಗುಂಪು ಮಾಡಿ. ಮೂರನೆಯದಾಗಿ ಶಿಯೊಂಗ್ನು ಕಡೆಯ ಒಂದು ಸಣ್ಣ ಗುಂಪು ಇರಲಿ. ಅವರು ಮಾತಾಡುವುದು ತಮ್ಮ ಬೇಕುಬೇಡಗಳ ಬಗ್ಗೆ: ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಬೇಕಾದಷ್ಟು. ಧಾನ್ಯ, ಬಟ್ಟೆ ಬೇಕು. ಮಾರಾಟಕ್ಕೆ ಬಾಗಿಲು ತೆರೆದರೆ ಕೊಳ್ಳುತ್ತೇವೆ, ಮುಚ್ಚಿದರೆ ಬೇರೆ ದಾರಿ ನೋಡಬೇಕಾಗುತ್ತದೆ. ಇದರಲ್ಲೂ ಒಂದು ಅಪಾಯವಿದೆ. ಚೆನ್ನಾಗಿ ಮಾತಾಡುವ ಮೂರ್ನಾಲ್ಕು ಮಕ್ಕಳೇ ಎಲ್ಲ ಹೇಳಿಬಿಡುತ್ತಾರೆ. ಪ್ರತಿ ಮಗುವೂ ಮೊದಲು ಎರಡು ಸಾಲು ಬರೆದು ತರಬೇಕು ಎಂದು ಹೇಳಿ.

ಚರ್ಚೆ ಮುಗಿದ ಮೇಲೆ ಮಿಂಗ್ ಕಾಲದ್ದೊಂದು ಘಟನೆ ಹೇಳಿ. 1550ರಲ್ಲಿ ಮಂಗೋಲ ನಾಯಕ ಅಲ್ತಾನ್ ಖಾನ್ ಬೀಜಿಂಗ್ ಬಾಗಿಲ ತನಕ ಬಂದು ಸುಲಿಗೆ ಮಾಡಿದ. ಅವನು ವರ್ಷಗಳಿಂದ ಕೇಳುತ್ತಿದ್ದುದು ಕುದುರೆ ಮಾರಲು ಸಂತೆ. ಮಿಂಗ್ ದೊರೆ ಒಪ್ಪಿರಲಿಲ್ಲ. 1568ರಲ್ಲಿ ಚಿ ಜಿಗುವಾಂಗ್ ಎಂಬ ಸೇನಾಪತಿ ಉತ್ತರಕ್ಕೆ ಬಂದ. ಅಲ್ಲಿಯವರೆಗೆ ಸೈನಿಕರು ಹಿಮದಲ್ಲೂ ಬಯಲಿನಲ್ಲೇ ನಿಲ್ಲಬೇಕಿತ್ತು. ಅವನು ಒಳಗೆ ಮಲಗಲು, ಅಡುಗೆ, ಮದ್ದುಗುಂಡು ಇಡಲು ಜಾಗವಿರುವ ಟೊಳ್ಳು ಬುರುಜುಗಳನ್ನು ಕಟ್ಟಿಸಿದ. ನೀವು ಫೋಟೋದಲ್ಲಿ ತೋರಿಸಿದ ಬುರುಜುಗಳು ಅವೇ. ಆ ಕೆಲಸ ನಡೆಯುವಾಗಲೇ 1570ರಲ್ಲಿ ಅಲ್ತಾನ್ ಖಾನ್‌ನ ಮೊಮ್ಮಗ ತಾತನ ಜೊತೆ ಜಗಳವಾಡಿ ಮಿಂಗ್ ಕಡೆಗೆ ಓಡಿಬಂದ. ಅವನನ್ನು ಕೊಲ್ಲಲಿಲ್ಲ. ಮರ್ಯಾದೆಯಿಂದ ಇಟ್ಟುಕೊಂಡು ಮಾತುಕತೆ ಶುರು ಮಾಡಿದರು. ಮೊಮ್ಮಗ ಮನೆಗೆ ಹೋದ. 1571ರಲ್ಲಿ ಒಪ್ಪಂದವಾಯಿತು. ಸಂತೆಗಳು ತೆರೆದವು. ಅಲ್ತಾನ್ ಖಾನ್‌ನ ಗಡಿಯಲ್ಲಿ ದೊಡ್ಡ ದಾಳಿಗಳು ನಿಂತವು. ಗೋಡೆ ಎಷ್ಟು ಕೆಲಸ ಮಾಡಿತು, ಸಂತೆ ಎಷ್ಟು ಕೆಲಸ ಮಾಡಿತು? ಇತಿಹಾಸಕಾರರೂ ಇದನ್ನು ಒಂದೇ ರೀತಿ ತೂಗುವುದಿಲ್ಲ. ಮಕ್ಕಳೂ ತೂಗಲಿ.

1644ರ ಕತೆ ಎಲ್ಲರೂ ಹೇಳುತ್ತಾರೆ. ಬೀಜಿಂಗ್ ದಂಗೆಕೋರರ ಕೈಗೆ ಬಿದ್ದಾಗ ಸಮುದ್ರದ ತುದಿಯ ಶಾನ್‌ಹೈಗುವಾನ್ ಕೋಟೆಯ ಸೇನಾಪತಿ ವೂ ಸಾಂಗುಯಿ, ಗೋಡೆಯ ಆಚೆಗಿದ್ದ ಮಂಚು ಜನರ ಸೈನ್ಯಕ್ಕೆ ತಾನೇ ಬಾಗಿಲು ತೆರೆದ. ಸಮಯವಿದ್ದರೆ ಹೇಳಿ, ಇಲ್ಲದಿದ್ದರೆ ಬಿಡಿ. ಅದರ ಬದಲು ನಾನ್‌ಜಿಂಗ್ ಊರಕೋಟೆಯ ಇಟ್ಟಿಗೆಗಳ ಬಗ್ಗೆ ಐದು ನಿಮಿಷ ಕೊಡಿ ಎಂದು ಬೇಡಿಕೊಳ್ಳುತ್ತೇನೆ. 14ನೇ ಶತಮಾನದ ಆ ಇಟ್ಟಿಗೆಗಳ ಮೇಲೆ ಅಚ್ಚೊತ್ತಿದ ಅಕ್ಷರಗಳಿವೆ. ಯಾವ ಜಿಲ್ಲೆ, ಯಾವ ಅಧಿಕಾರಿ, ಕೊನೆಗೆ ಇಟ್ಟಿಗೆ ಮಾಡಿದವನ ಹೆಸರು. ಇಟ್ಟಿಗೆ ಕಳಪೆಯಾದರೆ ಹಿಡಿಯಲು ಅದು ಉಪಾಯ. ಆದರೆ ಆ ಲೆಕ್ಕದ ದೆಸೆಯಿಂದಲೇ ಆರು ನೂರು ವರ್ಷಗಳ ಹಿಂದಿನ ಸಾಮಾನ್ಯ ಕೆಲಸಗಾರರ ಹೆಸರು ನಮಗೆ ಉಳಿದಿದೆ. ಕಟ್ಟಿದವರ ಬಗ್ಗೆ ಕೇಳಿದ ಆ ಹುಡುಗಿಗೆ ಇದನ್ನು ತಪ್ಪದೆ ಹೇಳಿ.

ಪೋಷಕರ ಮಾತಿಗೆ ಬರುತ್ತೇನೆ. ಅವರ ನೋವನ್ನು ತಳ್ಳಿಹಾಕಬೇಡಿ. ಗಡಿಯಲ್ಲಿ ಸತ್ತ ಸೈನಿಕರು ನಮ್ಮವರು. ಅದೇ ಉಸಿರಿನಲ್ಲಿ ಎರಡು ವಿಷಯ ಹೇಳಬಹುದು. ಒಂದು, ಈ ಗೋಡೆಗಳು ಇರುವುದು ಚೀನಾದ ಉತ್ತರಕ್ಕೆ, ಹುಲ್ಲುಗಾವಲು ಮತ್ತು ಹೊಲಗಳ ನಡುವೆ. ನಮ್ಮ ಗಡಿಗೂ ಅವಕ್ಕೂ ಸಂಬಂಧವಿಲ್ಲ. ಎರಡು, ಪಾಠದಲ್ಲಿ ಹೊಗಳಿಕೆ ಇಲ್ಲ. ದೊರೆಯ ಕೆಲಸವನ್ನು ಪ್ರಶ್ನಿಸಿದ ಸಿಮಾ ಚಿಯಾನ್ ಇದ್ದಾನೆ, ಓಡಿಹೋಗಲು ನೋಡಿದ ಆಳುಗಳಿದ್ದಾರೆ, ಕೆಲಸಗಾರರಿದ್ದಾರೆ. ನೆರೆಯ ದೇಶವನ್ನು ಸರಿಯಾಗಿ ತಿಳಿದ ಮಕ್ಕಳು ಬೆಳೆದರೆ ದೇಶಕ್ಕೆ ಒಳ್ಳೆಯದೇ ಎಂದು ನಾನು ನಂಬುತ್ತೇನೆ. ಸಾಧ್ಯವಾದರೆ ಆ ಪೋಷಕರನ್ನು ಚರ್ಚೆಯ ದಿನ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿ.

ಹಂಚಿಕೆ ಹೀಗಿರಲಿ. ಮೊದಲ ಪೀರಿಯಡ್‌ನಲ್ಲಿ ಮಕ್ಕಳ ಮೂರು ಪ್ರಶ್ನೆಗಳು ಮತ್ತು ಸಿಮಾ ಚಿಯಾನ್ ಸಾಲುಗಳು. ಎರಡನೆಯದು ಮೈದಾನದಲ್ಲಿ. ಮೂರನೆಯದು ಚರ್ಚೆ. ಮಣ್ಣಿನ ಗೋಡೆಯನ್ನು ಊಟದ ಬಿಡುವಿನಲ್ಲಿ ಇಷ್ಟಪಟ್ಟ ಮಕ್ಕಳು ಕಟ್ಟಲಿ. ಒಂದು ಪೀರಿಯಡ್ ಕೈಬಿಟ್ಟು ಹೋದರೆ ಮೈದಾನದ್ದನ್ನು ಬಿಡಿ, ಚರ್ಚೆಯನ್ನು ಬಿಡಬೇಡಿ.

ಕೊನೆಯದಾಗಿ, ನೀವು ಕೇಳದಿದ್ದರೂ ಮನಸ್ಸಿನಲ್ಲಿ ಇರುವ ಪ್ರಶ್ನೆ: ಪರೀಕ್ಷೆ. ಮಹಾಗೋಡೆ ಕಟ್ಟಿಸಿದವರು ಯಾರು ಎಂದು ಒಂದು ಅಂಕಕ್ಕೆ ಕೇಳಿದರೆ, ಪಠ್ಯದಲ್ಲಿ ಇರುವ ಹೆಸರನ್ನೇ ಬರೆಯಲು ಹೇಳಿ. ಮಗುವಿನ ಅಂಕ ಕಳೆಯುವುದು ಬೇಡ. ನೀವೇ ಪ್ರಶ್ನೆ ತೆಗೆಯುವ ಕಿರು ಪರೀಕ್ಷೆಯಲ್ಲಿ ಮಾತ್ರ ಪ್ರಶ್ನೆ ಬದಲಿಸಿ. "ಚಿನ್, ಹಾನ್, ಮಿಂಗ್ ಈ ಮೂರು ಕಾಲದ ಗೋಡೆಗಳಲ್ಲಿ ಒಂದನ್ನು ಆರಿಸಿ. ಯಾರಿಗೆ ಅನುಕೂಲವಾಯಿತು, ಯಾರಿಗೆ ಕಷ್ಟವಾಯಿತು, ಬೇರೆ ಯಾವ ದಾರಿ ಇತ್ತು?" ಎಂದು ಕೇಳಿ. ನಾಲ್ಕು ಅಂಕ ಇಡಿ. ಉತ್ತರ ಪತ್ರಿಕೆ ತಿದ್ದುವಾಗ ತೀರ್ಮಾನ ಯಾವುದಾದರೂ ಇರಲಿ, ಅದಕ್ಕೆ ಕೊಟ್ಟ ಕಾರಣ ನೋಡಿ ಅಂಕ ಕೊಡಿ.